ಸುಮ್ಮನೆ ಕೂತವಳು

ಸಾಗರದ ಡ್ರಾಯಿಂಗ್ ಮಾಸ್ತರರ ಹಸುವಿಗೆ ಹೊಟ್ಟೆ ಉಬ್ಬರಿಸದೆ ಹೋಗಿದ್ದರೆ ಆ ಚಿತ್ರ ನಮ್ಮ ಮನೆಗೆ ಬರುತ್ತಲೇ ಇರಲಿಲ್ಲ.

ಅರವತ್ತರ ದಶಕದ ಮಾತು. ನಮ್ಮವರು ಆಗ ಸಾಗರದ ದನದ ಆಸ್ಪತ್ರೆಯಲ್ಲಿ ಡಾಕ್ಟರು. ನಾನು ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಪಕ್ಕದ ಬೀದಿಯಲ್ಲಿದ್ದ ಡ್ರಾಯಿಂಗ್ ಮಾಸ್ತರರ ಹಸು ಒಂದು ಸಂಜೆ ಹಸಿ ಜೋಳದ ದಂಟು ತಿಂದು ಡೋಲಿನಂತೆ ಊದಿಕೊಂಡು ಬಿದ್ದಿತು. ಇವರು ಓಡಿ ಹೋಗಿ ಅದನ್ನು ಬದುಕಿಸಿದರು. ಅದೇ ತಿಂಗಳು ಮಾಸ್ತರರಿಗೆ ರಾಯಚೂರಿನ ಕಡೆಗೂ ಇವರಿಗೆ ಹೊಸನಗರಕ್ಕೂ ವರ್ಗವಾಯಿತು. ಹೊರಡುವ ಮುಂಚೆ ಮಾಸ್ತರರು ನಮ್ಮ ಮನೆಗೆ ಬಂದು, "ನಾನು ಬರೆದ ಚಿತ್ರಗಳನ್ನೆಲ್ಲ ಅಷ್ಟು ದೂರ ಹೊತ್ಕೊಂಡು ಹೋಗಕ್ಕಾಗಲ್ಲ ಡಾಕ್ಟ್ರೇ. ನಿಮಗೆ ಯಾವುದು ಬೇಕೋ ಆರಿಸ್ಕೊಳ್ಳಿ. ಹಸುವಿನ ಋಣ" ಎಂದರು.

ಮರುದಿನ ನಾವಿಬ್ಬರೂ ಹೋದೆವು. ಖಾಲಿಯಾದ ನಡುಮನೆಯಲ್ಲಿ ಚಿತ್ರಗಳನ್ನು ಗೋಡೆಗೆ ಒರಗಿಸಿ ಸಾಲಾಗಿ ಇಟ್ಟಿದ್ದರು, ಮದುವೆಗೆ ಬಂದ ಹೆಣ್ಣುಗಳನ್ನು ತೋರಿಸುವ ಹಾಗೆ. ನನ್ನ ತವರಿನ ಗೋಡೆಗಳ ಮೇಲೆ ಇದ್ದದ್ದು ದೇವರು ಮತ್ತು ಸತ್ತವರು, ಅಷ್ಟೇ. ಮೂರನೆಯ ಜಾತಿಯ ಚಿತ್ರವೊಂದು ಮನೆಯಲ್ಲಿ ಇರಬಹುದೆಂದೇ ನನಗೆ ಗೊತ್ತಿರಲಿಲ್ಲ. ಇಲ್ಲಿ ಕೊಳದ ಬಳಿ ಕಾಲು ತೊಳೆಯುವವರಿದ್ದರು, ಕುಸ್ತಿ ಮಾಡುವವರಿದ್ದರು, ಜಡೆ ಹಾರಿಸಿ ಕುಣಿಯುವವಳೊಬ್ಬಳಿದ್ದಳು. ಕುಣಿಯುವವಳನ್ನು ನಮ್ಮವರು ಸ್ವಲ್ಪ ಹೊತ್ತು ನೋಡಿದರು. ನಾನು ಅವರನ್ನು ನೋಡಿದೆ. ಅವರು ಮುಂದಿನ ಚಿತ್ರಕ್ಕೆ ಹೋದರು.

ಮುಂದಿನದು ಕೊಳಲೂದುವ ಕೃಷ್ಣ, ಬೆನ್ನ ಹಿಂದೆ ಬಿಳಿ ಹಸು. ಹೊಸ ಸಂಸಾರಕ್ಕೆ ಇದಕ್ಕಿಂತ ಒಳ್ಳೆಯದು ಯಾವುದು? ನಾನು ಕೈ ಚಾಚುವಷ್ಟರಲ್ಲಿ ಇವರು ಕುಕ್ಕುರುಗಾಲಲ್ಲಿ ಕೂತು ಹಸುವಿನ ಕೆಳಭಾಗವನ್ನು ಪರೀಕ್ಷಿಸತೊಡಗಿದ್ದರು.

"ಮಾಸ್ತರೇ, ಇದಕ್ಕೆ ಮೂರೇ ಮೊಲೆ ಇವೆಯಲ್ಲ?"

"ನಾಲ್ಕನೇದು ಆಚೆ ಬದಿಗಿದೆ ಅಂತ ತಿಳ್ಕೊಳ್ಳಿ."

"ಈ ಕೋನದಿಂದ ನಾಲ್ಕೂ ಕಾಣ್ಬೇಕು. ಅಲ್ಲದೆ ಈ ಕೆಚ್ಚಲು ನೋಡಿ. ಬಾವು ಬಂದಿದೆ. ಇದನ್ನ ದಿನಾ ಬೆಳಿಗ್ಗೆ ಎದ್ದು ನೋಡ್ತಾ ಮದ್ದು ಹಾಕ್ದೆ ಕೂತಿರೋದು ನನ್ನಿಂದ ಆಗಲ್ಲ."

ಕೊಡುವವರು ಪುಕ್ಕಟೆ ಕೊಡುತ್ತಿರುವಾಗ ಮೊಲೆ ಎಣಿಸುವ ಗಂಡನ ಪಕ್ಕದಲ್ಲಿ ನಿಂತಿದ್ದ ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಪುಣ್ಯಕ್ಕೆ ಮಾಸ್ತರರು ನಕ್ಕರು. "ಹಾಗಾದ್ರೆ ಪ್ರಾಣಿ ಇಲ್ಲದ್ದು ನೋಡಿ" ಎಂದು ಮೂಲೆಯಲ್ಲಿದ್ದ ಒಂದನ್ನು ಬೆಳಕಿಗೆ ತಿರುಗಿಸಿದರು.

ಒಬ್ಬ ಹೆಂಗಸು ಜಗಲಿಯ ಅಂಚಿನಲ್ಲಿ ಕೂತಿದ್ದಳು. ಬೂದು ಬಣ್ಣದ ಸೀರೆ, ಕೆಂಪು ಅಂಚು. ಒಂದು ಕೈ ಮಡಿಲಲ್ಲಿ, ಇನ್ನೊಂದು ಕೈ ಗಲ್ಲದ ಕೆಳಗೆ. ಕೂದಲಿನ ನೆರಳು ಹಣೆಯ ಮೇಲೆ ಬಿದ್ದು ಕುಂಕುಮವಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಅಳುತ್ತಿರಲಿಲ್ಲ, ನಗುತ್ತಿರಲಿಲ್ಲ, ಯಾರನ್ನೂ ಕಾಯುತ್ತಿರುವಂತೆಯೂ ಕಾಣಲಿಲ್ಲ. ಕೆಲಸ ಮುಗಿದಿದೆ, ಮುಂದಿನದು ಇನ್ನೂ ಶುರುವಾಗಿಲ್ಲ. ಅಷ್ಟೇ.

"ಯಾರು ಇವರು?" ಎಂದೆ.

"ಯಾರೂ ಅಲ್ಲಮ್ಮ. ಯಾರನ್ನೂ ಎದುರಿಗೆ ಕೂರಿಸ್ಕೊಂಡು ಬರೆದದ್ದಲ್ಲ."

"ಏನು ಮಾಡ್ತಾ ಇದಾಳೆ?"

"ಏನೂ ಇಲ್ಲ. ಸುಮ್ಮನೆ ಕೂತಿದಾಳೆ."

ನನ್ನ ತವರಿನಲ್ಲಿ ಹೆಂಗಸೊಬ್ಬಳು ಸುಮ್ಮನೆ ಕೂತದ್ದು ಕಂಡರೆ ಮೈ ಹುಷಾರಿಲ್ಲವೆಂದು ಕಷಾಯ ಕಾಯಿಸುತ್ತಿದ್ದರು. ಈ ಹೆಂಗಸನ್ನು ನೋಡುತ್ತ ನಿಂತಾಗ ನನ್ನ ಹೆಗಲುಗಳು ಯಾಕೋ ತಾವಾಗಿಯೇ ಇಳಿದು ಹಗುರಾದವು. "ಇದೇ ಇರಲಿ" ಎಂದು ಹಟ ಹಿಡಿದೆ. ಮೂಳೆ, ಕೀಲು, ಬೆರಳುಗಳನ್ನೆಲ್ಲ ನೋಡಿದ ಇವರು ಮನುಷ್ಯರ ವಿಷಯ ತಮಗೆ ಸಂಬಂಧಿಸಿದ್ದಲ್ಲವೆಂದು ಒಪ್ಪಿಕೊಂಡರು.

ಹೊಸನಗರಕ್ಕೆ ಹೊರಟ ಬಸ್ಸಿನಲ್ಲಿ ಅದನ್ನು ಹಾಸಿಗೆ ಹೊದಿಕೆಯಲ್ಲಿ ಸುತ್ತಿ ಕಾಲಿನ ನಡುವೆ ಹಿಡಿದುಕೊಂಡು ಕೂತೆವು. ಕಂಡಕ್ಟರು ಬೆರಳಲ್ಲಿ ಕುಟ್ಟಿ ನೋಡಿದ.

"ಎಂತದ್ರೀ ಇದು, ಬಾಗ್ಲಾ?"

"ಚಿತ್ರ" ಎಂದರು ಇವರು.

"ದೇವ್ರದ್ದಾ?"

"ಅಲ್ಲ. ಒಬ್ಬ ಹೆಂಗಸಿಂದು."

"ದೇವ್ರಾಗಿದ್ರೆ ಹಾಗೇ ಬಿಡ್ತಿದ್ದೆ. ಹೆಂಗ್ಸಾದ್ರೆ ಟಿಕೆಟ್ ತಗೋಬೇಕಲ್ಲ ಡಾಕ್ಟ್ರೇ."

"ಎಂತಕ್ಕೆ ತಗೋಬೇಕು? ನಿಮ್ಮ ಸೀಟಲ್ಲಿ ಕೂತಿಲ್ಲ ಅವಳು. ಜಗಲಿ ತಾನೇ ತಂದಿದಾಳೆ."

ಕಂಡಕ್ಟರಿಗೆ ಅರ್ಥವಾಗಲಿಲ್ಲ, ಆದರೆ ಡಾಕ್ಟರ ಮಾತೆಂದು ಬಿಟ್ಟ.

ಹೊಸನಗರದ ಮನೆಯ ಮುಂದಿನ ಕೋಣೆಯಲ್ಲಿ, ಬಾಗಿಲು ತೆರೆದರೆ ನೇರ ಕಾಣುವ ಗೋಡೆಗೆ ಅವಳನ್ನು ತೂಗುಹಾಕಿದೆವು. ಆಸ್ಪತ್ರೆ ಮುಚ್ಚಿದ ಮೇಲೂ ಜನ ಮನೆಗೇ ಬರುತ್ತಿದ್ದರು. ಇವರು ಊಟ ಮುಗಿಸಿ ಬರುವವರೆಗೆ ಆ ಕೋಣೆಯಲ್ಲಿ ಕಾಯುತ್ತಿದ್ದರು. ಹಾಗೆ ಕಾಯುವವರಿಗೆ ನೋಡಲು ಬೇರೇನಿದೆ? ಎಲ್ಲರೂ ಅವಳನ್ನೇ ನೋಡುತ್ತಿದ್ದರು. ನೋಡಿದವರು ಸುಮ್ಮನಿರುತ್ತಿರಲಿಲ್ಲ.

"ಈ ಅಮ್ಮಾರಿಗೆ ಹಲ್ ನೋವಾ?" ಎಂದು ಒಬ್ಬ ಮುದುಕ ಕೇಳಿದ. ಇನ್ನೊಬ್ಬ, ಎಮ್ಮೆಯ ಭೇದಿಗೆ ಮದ್ದು ಕೇಳಲು ಬಂದವನು, ಚಿತ್ರದವಳ ಬಣ್ಣ ಬಿಳಿಚಿಕೊಂಡಿದೆಯೆಂದೂ ಕಬ್ಬಿಣದ ಬಾಣಲೆಯಲ್ಲಿ ಹರಿವೆ ಸೊಪ್ಪು ಬೇಯಿಸಿ ಕೊಡಬೇಕೆಂದೂ ಹೇಳಿ ಹೋದ. ಅವನ ಎಮ್ಮೆ ವಾಸಿಯಾಯಿತು. ಆ ಖುಷಿಗೆ ಅವನು ಒಂದು ಬೆಳಿಗ್ಗೆ ದಾಸವಾಳದ ಹೂವೊಂದನ್ನು ತಂದು, ಚಿತ್ರಕ್ಕೆ ಕೈ ಮುಗಿದು, ಚೌಕಟ್ಟಿಗೆ ಸಿಕ್ಕಿಸಿದ. ಬೂದು ಸೀರೆಯ ಮೇಲೆ ಕೆಂಪು ಹೂವು ಚೆನ್ನಾಗಿಯೇ ಕಂಡಿತು. ನಾನು ತೆಗೆಯಲಿಲ್ಲ. ಅವನನ್ನು ನೋಡಿ ಮತ್ತೊಬ್ಬರು ತಂದರು. ಕೊನೆಗೆ ಯಾರೂ ತರದ ದಿನ ಗೋಡೆ ಬೋಳೆನಿಸಿ ನಾನೇ ಒಂದು ಸಿಕ್ಕಿಸತೊಡಗಿದೆ.

ಆಗ ಬಂದರು ಎದುರುಮನೆಯ ಹೆಡ್‌ಮಾಸ್ತರರ ಹೆಂಡತಿ. ಮೊಸರಿಗೆ ಹೆಪ್ಪು ಕೇಳಲು ಬಂದವರು ಚಿತ್ರದ ಮುಂದೆ ನಿಂತೇಬಿಟ್ಟರು.

"ನೀವು ದೊಡ್ಡ ಮನಸ್ಸಿನವ್ರು ಬಿಡಿ" ಎಂದರು.

ಚಿತ್ರಕಲೆಯ ಬೆಲೆ ತಿಳಿದವರು ಈ ಊರಲ್ಲೂ ಇದ್ದಾರಲ್ಲ ಎಂದು ನಾನು ಉಬ್ಬಿಹೋದೆ. "ಅಯ್ಯೋ, ಅದರಲ್ಲೇನು ಬಂತು?"

"ಹಾಗಲ್ಲ. ಬೇರೆಯವರಾಗಿದ್ರೆ ಅಟ್ಟಕ್ಕೆ ಹಾಕ್ತಿದ್ರು. ನೀವು ಎದುರಿಗೇ ಹಾಕಿದೀರಿ."

"ನಾನೇ ಹಟ ಮಾಡಿ ತರಿಸಿದ್ದು. ಇವರಿಗೆ ಅಷ್ಟೇನೂ ಮನಸ್ಸಿರಲಿಲ್ಲ."

"ಅವ್ರಿಗೆ ನೋಡಿದ್ರೆ ಸಂಕಟ ಆಗತ್ತೇನೋ."

"ಸಂಕಟ ಎಂತದ್ದು? ಅವರಿಗೆ ಹಸು ಸರಿಯಾಗಿ ಇರೋದು ಬೇಕಿತ್ತು."

ಅವರು ನನ್ನ ಕೈ ಹಿಡಿದುಕೊಂಡರು. "ಪಾಪ, ಮಕ್ಕಳೇನೂ ಇರ್ಲಿಲ್ವಲ್ಲ?"

"ಇವಳೊಬ್ಬಳೇ" ಎಂದೆ, ಚಿತ್ರದಲ್ಲಿ ಮಕ್ಕಳಿಲ್ಲವೆಂಬ ಅರ್ಥದಲ್ಲಿ.

"ಒಳ್ಳೇದೇ ಆಯ್ತು. ನಿಮಗೆ ತಾಪತ್ರಯ ಇಲ್ಲ." ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಹೆಪ್ಪು ಮರೆತು ಹೋದರು. ನಾನು ಬೀದಿ ದಾಟಿ ಕೊಟ್ಟು ಬಂದೆ. ಚಿತ್ರ ನೋಡಿ ಕಣ್ಣೀರು ಹಾಕುವಷ್ಟು ರಸಿಕರು ಎಂದು ಆ ಸಂಜೆ ಇವರ ಮುಂದೆ ಹೊಗಳಿದೆ ಕೂಡ.

ಹದಿನೈದು ದಿನ ಕಳೆದಿರಬೇಕು. ಒಂದು ಬೆಳಿಗ್ಗೆ ಮೊದಲ ಬಸ್ಸಿಗೆ ತೀರ್ಥಹಳ್ಳಿಯಿಂದ ನಮ್ಮ ಅತ್ತೆ ಬಂದಿಳಿದರು. ಅತ್ತೆ ಹೇಳಿಕಳಿಸದೆ ಎಲ್ಲಿಗೂ ಹೋಗುವವರಲ್ಲ. ಕಾಲು ತೊಳೆಯಲು ನೀರು ಕೊಡಹೋದರೆ ನನ್ನನ್ನು ಸರಿಸಿ ನೆಟ್ಟಗೆ ಒಳಗೆ ಬಂದು ಚಿತ್ರದ ಮುಂದೆ ನಿಂತರು.

"ಮಾಣಿ" ಎಂದು ಮಗನನ್ನು ಕರೆದರು. ಮೂರು ಹೋಬಳಿಯ ದನಗಳಿಗೆ ಡಾಕ್ಟರಾದವರು ಅರ್ಧ ಬೋಳಿಸಿದ ಗಡ್ಡದಲ್ಲಿ ಓಡಿಬಂದರು.

"ಯಾರಾ ಇದು?"

"ಯಾರೂ ಅಲ್ಲಮ್ಮ."

"ಯಾರೂ ಅಲ್ಲದವಳಿಗೆ ಹೂ ಎಂತಕ್ಕೆ ಮಾರಾಯ?"

ವಿಷಯ ಹೊರಬಿತ್ತು. ಹೊಸನಗರದಿಂದ ಕೋರ್ಟು ಕೆಲಸಕ್ಕೆಂದು ತೀರ್ಥಹಳ್ಳಿಗೆ ಹೋದ ಯಾರೋ ಅತ್ತೆಯ ಮನೆಯಲ್ಲಿ ಕಾಫಿ ಕುಡಿಯುತ್ತ, "ನಿಮ್ಮ ಮೊದಲನೇ ಸೊಸೆ ಹೋಗಿದ್ದು ಎಷ್ಟು ವರ್ಷದ ಹಿಂದೆ?" ಎಂದು ಮರುಕದಿಂದ ವಿಚಾರಿಸಿದ್ದನಂತೆ. ಇರುವ ಒಬ್ಬ ಮಗನ ಇರುವ ಒಂದೇ ಮದುವೆಯನ್ನು ಮುಂದೆ ನಿಂತು ಮಾಡಿಸಿದ ಅತ್ತೆಗೆ ಬಾಯಿಗೆ ಹಾಕಿದ ಚಕ್ಕುಲಿ ಒಳಗೆ ಇಳಿದಿರಲಿಲ್ಲ.

ಹೆಡ್‌ಮಾಸ್ತರರ ಹೆಂಡತಿಯ ಒಂದೊಂದು ಮಾತೂ ನನಗೆ ಆಗ ಅರ್ಥವಾಗತೊಡಗಿತು. ನಗು ಬಂತು. ಅತ್ತೆಯ ಮುಖ ನೋಡಿ ನುಂಗಿಕೊಂಡೆ.

"ಈಗ್ಲೇ ಇಳಿಸು ಅದನ್ನ" ಎಂದರು ಅತ್ತೆ. ಇವರು ಸ್ಟೂಲು ತಂದರು. ಹತ್ತಿ ನಿಂತ ಮೇಲೆ ಅತ್ತೆಯೇ, "ತಡಿ ತಡಿ" ಎಂದರು. ಎದುರುಮನೆಯ ಕಿಟಕಿಯಲ್ಲಿ ಹೆಡ್‌ಮಾಸ್ತರರ ಹೆಂಡತಿ ನಿಂತಿದ್ದರು. "ನಾನು ಬಂದ ದಿನಾನೇ ಇಳಿಸಿದ್ರೆ, ಅತ್ತೆ ಬಂದು ಸತ್ತ ಸೊಸೇನ ಗೋಡೆಯಿಂದಾನೂ ಓಡಿಸಿದ್ಲು ಅಂತಾರೆ."

"ಹಾಗಾದ್ರೆ ಇರಲಿ" ಎಂದರು ಇವರು, ಸ್ಟೂಲಿನ ಮೇಲಿಂದಲೇ.

"ಇದ್ರೆ ಹೌದು ಅಂತ ಒಪ್ಪಿಕೊಂಡ ಹಾಗಾಯ್ತು."

ಇಳಿಸುವ ಹಾಗಿಲ್ಲ, ಇಡುವ ಹಾಗಿಲ್ಲ. ಅಮ್ಮನ ಮುಂದಿನ ಅಪ್ಪಣೆಗಾಗಿ ಮಗ ಸ್ಟೂಲಿನ ಮೇಲೆಯೇ ನಿಂತಿದ್ದರು. ಗಡ್ಡದ ಸೋಪು ಒಣಗಿ ಬಿರಿಯುತ್ತಿತ್ತು.

ಕಾಫಿ ಕುಡಿದ ಮೇಲೆ ಅತ್ತೆಗೆ ಉಪಾಯ ಹೊಳೆಯಿತು. ಇವಳು ಯಾರೂ ಅಲ್ಲವಾದ್ದರಿಂದ ತಾನೇ ಜನ ಏನೇನೋ ಅಂದುಕೊಳ್ಳುವುದು? ಇವಳನ್ನು ಯಾರಾದರೂ ಒಬ್ಬಳನ್ನಾಗಿ ಮಾಡಿಬಿಟ್ಟರಾಯಿತು. ಮಡಿಲಲ್ಲಿ ಒಂದು ಮಗು ಕೂರಿಸಿದರೆ ಯಶೋದೆ. ಪಕ್ಕದಲ್ಲಿ ಜಿಂಕೆ ನಿಲ್ಲಿಸಿದರೆ ಸೀತೆ. ಬಸ್‌ಸ್ಟ್ಯಾಂಡಿನ ಹತ್ತಿರ ಬೋರ್ಡು ಬರೆಯುವವನೊಬ್ಬನಿದ್ದ. ಅವನಿಗೆ ಹೇಳಿಕಳಿಸಿದರು. ನಾನು, "ಬೇರೆಯವರು ಬರೆದದ್ದಕ್ಕೆ ಇನ್ನೊಬ್ಬರ ಕೈ ಹಾಕಿಸಬಾರದು ಅತ್ತೆ" ಎಂದೆ.

"ಹಾಗಂತ ನೀನು ಬದುಕಿರೋವಾಗ್ಲೇ ಎರಡನೆಯವಳಾಗ್ತೀಯಾ ಮಾರಾಯ್ತಿ?"

ನಾನು ಒಳಗೆ ಹೋಗಿ ಬೇಳೆ ತೊಳೆಯುತ್ತ ನಿಂತೆ. ಆ ಬೂದು ಮಡಿಲಲ್ಲಿ ದಪ್ಪ ನೀಲಿ ಕೂಸೊಂದನ್ನು ನೆನೆಸಿಕೊಂಡು ಅಳುವೇ ಬಂತು.

ಬೋರ್ಡಿನವನು ಬಂದು ಚಿತ್ರವನ್ನು ಇಳಿಸಿ ಕುರ್ಚಿಯ ಮೇಲಿಟ್ಟು, ತಲೆ ಓರೆ ಮಾಡಿ ನೋಡಿದ.

"ಮಗು ಕಷ್ಟ ಅಮ್ಮ. ಕೈಕಾಲು ಎಲ್ಲ ಸಣ್ಣಸಣ್ಣದು. ಸಿಂಹ ಆಗ್ಬಹುದಾ? ಸಿಂಹ ಚೆನ್ನಾಗಿ ಬರಿತೀನಿ. ಮೂರು ಬಸ್ಸಿಗೆ ಹಾಕಿದೀನಿ."

"ಸಿಂಹ ಕೂರಿಸಿದ್ರೆ ದುರ್ಗೆ ಆಗ್ತಾಳೆ. ದುರ್ಗೆ ಗಲ್ಲಕ್ಕೆ ಕೈ ಕೊಟ್ಟು ಕೂರ್ತಾಳೇನಾ?" ಎಂದರು ಅತ್ತೆ. "ಜಿಂಕೆ ಬರಿ."

"ಜಿಂಕೆ ಬರಿಯೋದಾದ್ರೆ ಕೊಂಬು ನನಗೆ ತೋರಿಸಿ ಬರೀರಿ" ಎಂದು ನಮ್ಮವರು ಒಳಗಿನಿಂದ ಕೂಗಿದರು.

ಬೋರ್ಡಿನವನು ಯೋಚಿಸಿದ. "ಎಂತಕ್ಕೆ ಇಷ್ಟೆಲ್ಲ? ಕೆಳಗೆ ಶ್ರೀ ಸೀತಾಮಾತೆ ಅಂತ ದಪ್ಪಕ್ಷರದಲ್ಲಿ ಬರೆದುಬಿಡ್ತೀನಿ. ಅಕ್ಷರಕ್ಕೆ ನೆರಳು ಬೇಕಾದ್ರೂ ಹಾಕ್ತೀನಿ. ಓದೋಕೆ ಬಂದವರು ಯಾರೂ ಆಮೇಲೆ ಮಾತಾಡಲ್ಲ."

"ಓದೋಕೆ ಬರದವರೇ ಜಾಸ್ತಿ ಮಾತಾಡೋದು. ಜಿಂಕೇನೂ ಇರಲಿ, ಅಕ್ಷರಾನೂ ಇರಲಿ."

ಕಂದು ಬಣ್ಣ ಮುಗಿದಿದೆಯೆಂದು ಅವನು ತರಲು ಹೋದ. ಇವರು ಆಸ್ಪತ್ರೆಗೆ ಹೋದರು. ಅತ್ತೆ, ತಾನು ಎದ್ದರೆ ಸೊಸೆ ಚಿತ್ರವನ್ನು ಎಲ್ಲಿ ಬಚ್ಚಿಡುತ್ತಾಳೋ ಎಂಬ ಗುಮಾನಿಯಿಂದ, ಕುರ್ಚಿಯ ಎದುರು ಮಣೆ ಹಾಕಿಕೊಂಡು ಕಾವಲು ಕೂತರು. ಬಣ್ಣ ತರಲು ಹೋದವನು ದಾರಿಯಲ್ಲಿ ಯಾವುದೋ ಹೋಟೆಲಿನ ಬೋರ್ಡಿಗೆ ಸಿಕ್ಕಿಕೊಂಡನೆಂದು ಆಮೇಲೆ ಗೊತ್ತಾಯಿತು. ಮಧ್ಯಾಹ್ನ ಏರಿತು. ಅಡಿಗೆ ಮುಗಿಸಿ, ಊಟಕ್ಕೆ ಕರೆಯಲು ಬಂದವಳು ಬಾಗಿಲಲ್ಲೇ ನಿಂತೆ.

ಅತ್ತೆ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದರು. ಇನ್ನೊಂದು ಕೈ ಮಡಿಲಲ್ಲಿತ್ತು. ಕುರ್ಚಿಯ ಮೇಲೊಬ್ಬಳು, ಮಣೆಯ ಮೇಲೊಬ್ಬಳು, ಎದುರುಬದುರಾಗಿ. ನಾನು ಬಂದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

"ಅತ್ತೆ, ಅಡಿಗೆ ಆಗಿದೆ."

ಅವರು ತಿರುಗಿ ನೋಡಲಿಲ್ಲ. "ಇವಳಿಗೆ ಎಂತ ಕೆಲಸಾನೂ ಇಲ್ಲ ಅಲ್ದಾ?"

"ಇಲ್ಲ."

"ಯಾರೂ ಕರೀತಾ ಇಲ್ಲ."

"ಇಲ್ಲ ಅತ್ತೆ."

"ನಾನು ಮದುವೆಯಾಗಿ ಬಂದ ಮೇಲೆ ಕೂತದ್ದೇ ಇಲ್ಲ ಅಂತಲ್ಲ. ಅಕ್ಕಿ ಆರಿಸೋಕೆ ಕೂತಿದೀನಿ. ಬತ್ತಿ ಹೊಸೆಯೋಕೆ ಕೂತಿದೀನಿ. ಬಾಳಂತನಕ್ಕೆ ಕೂತಿದೀನಿ. ಹೀಗೆ ಕೂತದ್ದು ನೆನಪಿಲ್ಲ." ಚಿತ್ರದಿಂದ ಕಣ್ಣು ತೆಗೆಯದೆ, "ಅಷ್ಟೊತ್ತಿಂದ ನೋಡ್ತಾ ಇದೀನಿ. ನನಗೇ ಹಸಿವಾಗಿದ್ದು ಗೊತ್ತಾಗ್ಲಿಲ್ಲ ಮಾರಾಯ್ತಿ" ಎಂದರು.

ನಾನೂ ಅವರ ಪಕ್ಕ ನೆಲದ ಮೇಲೆ ಕೂತೆ. ಮದುವೆಯಾದಂದಿನಿಂದ ಅತ್ತೆಯ ಎದುರು ನಾನು ಕೆಲಸವಿಲ್ಲದೆ ಕೂತದ್ದು ಅದೇ ಮೊದಲು. ಸಾರು ಆರಿತು.

ಮೂರು ಗಂಟೆಯ ಹೊತ್ತಿಗೆ ಬೋರ್ಡಿನವನು ಡಬ್ಬಿ, ಬ್ರಶ್ಶು ಹಿಡಿದು ಬಂದ. ಅತ್ತೆ ಮಣೆಯಿಂದ ಏಳದೆಯೇ, "ಬೇಡ" ಎಂದರು.

"ಜಿಂಕೆ ಬೇಡ್ವಾ?"

"ಜಿಂಕೆ ಬಂದ್ರೆ ಅದಕ್ಕೆ ಹುಲ್ಲು ಹಾಕೋಕೆ ಇವಳು ಏಳಬೇಕು. ಕೂತ್ಕೊಳ್ಳಲಿ ಬಿಡು."

ಬಣ್ಣ ಕಲಸಿ ತಂದಿದ್ದವನಿಗೆ ನಿರಾಸೆಯಾಯಿತು. ಬರಿಗೈಯಲ್ಲಿ ಕಳಿಸಬಾರದೆಂದು ಅತ್ತೆ ಅವನಿಂದ ಗೇಟಿಗೆ ಒಂದು ಬೋರ್ಡು ಬರೆಸಿದರು. ಡಾಕ್ಟರ ಹೆಸರು ನೆರಳು ಸಮೇತ ಬಂತು. ಮೂಲೆಯಲ್ಲಿ ಯಾರೂ ಹೇಳದಿದ್ದರೂ ಒಂದು ಸಿಂಹ ಬಂತು. ನಿಜಕ್ಕೂ ಚೆನ್ನಾಗಿ ಬರೆಯುತ್ತಿದ್ದ. ಅದನ್ನು ನೋಡಿದ ಹಳ್ಳಿಯವರು ಡಾಕ್ಟರು ಕಾಡುಪ್ರಾಣಿಗಳನ್ನೂ ನೋಡುತ್ತಾರೆಂದು ತಿಳಿದು, ಮುಂದೊಮ್ಮೆ ಕಾಲು ಮುರಿದ ಮುಳ್ಳುಹಂದಿಯೊಂದನ್ನು ಬುಟ್ಟಿಯಲ್ಲಿ ಹೊತ್ತು ತಂದದ್ದುಂಟು.

ಮರುದಿನ ಹೊರಡುವಾಗ ಅತ್ತೆ ಚಿತ್ರವನ್ನು ಹೊದಿಕೆಯಲ್ಲಿ ಸುತ್ತಿಸಿ, "ಇದು ನನ್ನ ಜೊತೆ ಬರ್ತದೆ" ಎಂದರು. ಕೇಳಲಿಲ್ಲ, ಹೇಳಿದರು. ಆರಿಸಿದ್ದು ನಾನು, ಹಟ ಮಾಡಿದ್ದು ನಾನು. ಆದರೆ ಹಿಂದಿನ ಮಧ್ಯಾಹ್ನದ ಅವರ ಮುಖ ನೆನಪಾಗಿ ಬೇಡವೆನ್ನಲು ಬಾಯಿ ಬರಲಿಲ್ಲ. "ಈ ಮನೇಲಿ ಇದ್ರೆ ಮಾತು ನಿಲ್ಲಲ್ಲ, ಅಲ್ಲಿಗೆ ಬಂದ್ರೆ ನಿಲ್ತದೆ" ಎಂದು ಅವರು ಕಾರಣವನ್ನೂ ಕೊಟ್ಟರು.

ಮಾತು ನಿಲ್ಲಲಿಲ್ಲ. ಬಸ್‌ಸ್ಟ್ಯಾಂಡಿಗೆ ಹೊರಟಾಗ ಹೆಡ್‌ಮಾಸ್ತರರ ಹೆಂಡತಿ ಬೀದಿಗೇ ಬಂದರು. ಹೊದಿಕೆಯಲ್ಲಿ ಸುತ್ತಿದ್ದು ಏನೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಕರ್ಕೊಂಡು ಹೊರಟ್ರಾ?" ಎಂದು ಹೊದಿಕೆಯನ್ನು ಸವರುತ್ತ ಕೇಳಿದರು.

ಅತ್ತೆ ಎರಡು ದಿನದಿಂದ ಯಾರೂ ಅಲ್ಲ, ಯಾರೂ ಅಲ್ಲ ಎಂದು ಹೇಳಿ ದಣಿದಿದ್ದರು. ಬಸ್ಸಿಗೂ ಹೊತ್ತಾಗಿತ್ತು. "ಹೌದು. ಸ್ವಲ್ಪ ದಿನ ನನ್ನ ಹತ್ರ ಇರ್ಲಿ" ಎಂದುಬಿಟ್ಟರು.

ಅಲ್ಲಿಗೆ ಮುಗಿಯಿತು. ಹೊಸನಗರದಲ್ಲಿ ಇದ್ದಷ್ಟು ಕಾಲವೂ ನಾನು ಎರಡನೆಯ ಹೆಂಡತಿಯೇ. ಊರಿನ ಹೆಂಗಸರು ನನ್ನೊಡನೆ ಒಂದು ತೂಕ ಹೆಚ್ಚೇ ಮೃದುವಾಗಿ ಮಾತಾಡುತ್ತಿದ್ದರು. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ತಾವಾಗಿ ಬರುತ್ತಿದ್ದವು. ಮೊದಮೊದಲು ಬಿಡಿಸಿ ಹೇಳಿದೆ. "ಎಷ್ಟು ಚೆನ್ನಾಗಿ ಮುಚ್ಚಿಡ್ತಾರೆ ಪಾಪ" ಎಂದರು. ಆಮೇಲೆ ಹಪ್ಪಳ ಇಸಿದುಕೊಂಡು ಸುಮ್ಮನಾದೆ. ನಮ್ಮವರಿಗೆ ಮಾತ್ರ, ನಾನು ಸಿಟ್ಟಾದಾಗಲೆಲ್ಲ, "ಮೊದಲನೆಯವಳು ಒಂದು ಮಾತೂ ಆಡ್ತಿರ್ಲಿಲ್ಲ" ಎನ್ನುವ ಚಟ ಹತ್ತಿತು.

ದೀಪಾವಳಿಗೆ ತೀರ್ಥಹಳ್ಳಿಗೆ ಹೋದೆವು. ಚಿತ್ರ ಮುಂದಿನ ಕೋಣೆಯಲ್ಲಿರಲಿಲ್ಲ, ದೇವರ ಮನೆಯಲ್ಲೂ ಇರಲಿಲ್ಲ. ಅತ್ತೆ ಅದನ್ನು ಹಿತ್ತಿಲ ಕಡೆಯ ಪಡಸಾಲೆಯಲ್ಲಿ, ರುಬ್ಬುವ ಕಲ್ಲಿನ ಎದುರಿಗೆ ಹಾಕಿಸಿದ್ದರು. ಅಲ್ಲಿಗೆ ನೆಂಟರು ಬರುವುದಿಲ್ಲ, ಮನೆಯ ಹೆಂಗಸರೇ ಬರುವುದು. ಹೂವಿರಲಿಲ್ಲ. ಕೆಳಗೆ ಒಂದು ಚಾಪೆ ಹಾಸಿತ್ತು.

ಮಧ್ಯಾಹ್ನದ ಊಟವಾದ ಮೇಲೆ ಮಾವ ಜಗಲಿಯಲ್ಲಿ ನನ್ನನ್ನು ಕರೆದರು. ಮಾವ ಮಿತಭಾಷಿ. ಇಡೀ ವರ್ಷದಲ್ಲಿ ನನ್ನೊಡನೆ ಆಡಿದ ಮಾತುಗಳು ಒಂದು ಪೋಸ್ಟ್ ಕಾರ್ಡಿನಲ್ಲಿ ಹಿಡಿಯುವಷ್ಟು. ಅವರು ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು:

"ಎಂತದ್ದು ತಂದುಕೊಟ್ರಿ ಮಾರಾಯ್ತಿ ನೀವು?"

"ಯಾಕೆ ಮಾವ, ಏನಾಯ್ತು?"

"ಊಟ ಆದ ಮೇಲೆ ಅಲ್ಲಿ ಹೋಗಿ ಕೂತ್ರೆ ಮುಗೀತು. ಮೂರು ಗಂಟೆಗೆ ಕಾಫಿ ಕೇಳಿದ್ರೆ, 'ಡಬ್ಬಿ ಎಡಗಡೆ ಇದೆ, ಮಾಡ್ಕೊಳ್ಳಿ' ಅಂತಾಳೆ. ತಿರುಗೀನೂ ನೋಡಲ್ಲ."

"ಮತ್ತೆ ನೀವು ಏನು ಮಾಡ್ತೀರಿ?"

"ಎಂತ ಮಾಡೋದು? ಮಾಡ್ಕೊಂಡೆ. ಮೊದಲ ವಾರ ಬಾಯಿಗಿಡೋ ಹಾಗಿರ್ಲಿಲ್ಲ." ಅವರು ಎದ್ದು ಪಂಚೆ ಕೊಡವಿಕೊಂಡರು. "ಈಗ ಪರವಾಗಿಲ್ಲ. ಬಾ, ನಿನಗೂ ಒಂದು ಲೋಟ ಮಾಡ್ತೀನಿ. ಸಕ್ಕರೆ ಎಷ್ಟು ಹಾಕ್ಬೇಕು ಅಂತ ಮಾತ್ರ ಹೇಳು."